ಕಾಯಿಲೆಗೆ ಕುಲವಿಲ್ಲ, ಚಿಕಿತ್ಸೆಗೆ ಯಾಕೆ ಬೇಕು?

2024ರ ನವೆಂಬರ್‌ನಲ್ಲಿ ಆ ವಿಡಿಯೋ ನಮ್ಮೂರಿನ ಫೋನುಗಳಲ್ಲೂ ಓಡಾಡಿತು. ನ್ಯೂಜಿಲೆಂಡ್ ಸಂಸತ್ತಿನಲ್ಲಿ ಯುವ ಸಂಸದೆ ಹಾನಾ ಮೈಪಿ-ಕ್ಲಾರ್ಕ್ ಮಸೂದೆಯ ಪ್ರತಿಯನ್ನು ಹರಿದು, ಕಣ್ಣರಳಿಸಿ, ಎದೆ ತುಂಬಿದ ದನಿಯಲ್ಲಿ ಹಾಕಾ, ಅಂದರೆ ಅಲ್ಲಿನ ಮೂಲನಿವಾಸಿ ಮಾವೋರಿಗಳ ಘೋಷದ ಕುಣಿತ, ಶುರು ಮಾಡುತ್ತಾರೆ. ಸುತ್ತಲಿನವರು ಎದ್ದು ದನಿಗೂಡಿಸುತ್ತಾರೆ. ಮಾವೋರಿ ಜನರ ಜೊತೆಗಿನ ಹಳೆಯ ವೈಟಾಂಗಿ ಒಪ್ಪಂದಕ್ಕೆ ಹೊಸ ಅರ್ಥ ಕೊಡಲು ಹೊರಟಿದ್ದ ಆ ಮಸೂದೆ 2025ರ ಏಪ್ರಿಲ್‌ನಲ್ಲಿ 112–11 ಮತಗಳಿಂದ ಬಿದ್ದುಹೋಯಿತು. ಗಲಾಟೆ ಅಲ್ಲಿಗೆ ಮುಗಿಯಿತು ಎಂದು ಬಹಳ ಜನ ಅಂದುಕೊಂಡರು.

ಆದರೆ ಅದೇ ಸಂಸತ್ತು ಆ ಹಾಕಾಗೆ ಕೆಲವು ತಿಂಗಳ ಮೊದಲು, ಇಷ್ಟು ಸದ್ದಿಲ್ಲದೆ, ಇನ್ನೊಂದು ಕೆಲಸ ಮಾಡಿ ಮುಗಿಸಿತ್ತು. ಮಾವೋರಿ ಆರೋಗ್ಯ ಪ್ರಾಧಿಕಾರವನ್ನೇ ಮುಚ್ಚುವ ಕಾನೂನು ಪಾಸು ಮಾಡಿತ್ತು. ಇದನ್ನು ಓದಿದ ಯಾರಿಗಾದರೂ ಎರಡು ಪ್ರಶ್ನೆ ಬರುತ್ತವೆ. ಸಕ್ಕರೆ ಕಾಯಿಲೆ, ಖಿನ್ನತೆ ಇವು ಜನಾಂಗ ನೋಡಿ ಬರುತ್ತವೆಯೇ? ಹಾಗಿದ್ದಮೇಲೆ ಒಂದು ಜನಾಂಗಕ್ಕೆ ಬೇರೆ ಆರೋಗ್ಯ ಪ್ರಾಧಿಕಾರ ಯಾಕಿತ್ತು? ಮೀಸಲಾತಿಯ ಚರ್ಚೆ ಕೇಳುತ್ತಲೇ ಬೆಳೆದ ನಮಗೆ ಈ ಪ್ರಶ್ನೆಯ ಎರಡೂ ಬದಿಯ ಮಾತುಗಳು ಪರಿಚಿತವೇ. ಆದರೂ ಅಲ್ಲಿನ ಕಥೆ ನಮ್ಮದಕ್ಕಿಂತ ಬೇರೆ. ಸ್ವಲ್ಪ ಹಿಂದಿನಿಂದ ನೋಡಬೇಕು.

ಎರಡೇ ವರ್ಷ ಬಾಳಿದ ಪ್ರಾಧಿಕಾರ

ನ್ಯೂಜಿಲೆಂಡ್‌ನಲ್ಲಿ ಆರೋಗ್ಯ ಸೇವೆ ಬಹುಪಾಲು ಸರ್ಕಾರದ್ದೇ. ಲೇಬರ್ ಸರ್ಕಾರ 2022ರ ಜುಲೈ 1ರಿಂದ ಇಡೀ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿತು. ಊರೂರಿನ ಆರೋಗ್ಯ ಮಂಡಳಿಗಳು ಹೋಗಿ ಒಂದೇ ರಾಷ್ಟ್ರೀಯ ಸಂಸ್ಥೆ ಬಂತು. ಅದರ ಪಕ್ಕದಲ್ಲೇ ತೆ ಅಕಾ ಫಾಯ್ ಓರಾ ಎಂಬ ಮಾವೋರಿ ಆರೋಗ್ಯ ಪ್ರಾಧಿಕಾರ ಬಂತು. ಇದೇನೂ ಪ್ರತ್ಯೇಕ ಆಸ್ಪತ್ರೆಗಳ ಸರಪಳಿಯಲ್ಲ. ಮಾವೋರಿ ಸಂಸ್ಥೆಗಳಿಂದ ಸೇವೆ ಕೊಡಿಸುವುದು, ದೊಡ್ಡ ಸಂಸ್ಥೆಯ ಯೋಜನೆಯಲ್ಲಿ ಪಾಲುದಾರನಾಗುವುದು, ಮಾವೋರಿಗಳ ವಿಷಯದಲ್ಲಿ ಅದು ಹೇಗೆ ನಡೆದುಕೊಳ್ಳುತ್ತಿದೆ ಎಂದು ಕಣ್ಣಿಡುವುದು ಇದರ ಕೆಲಸವಾಗಿತ್ತು.

2023ರ ಅಕ್ಟೋಬರ್ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ನ್ಯಾಷನಲ್ ಪಕ್ಷದ ಮೈತ್ರಿಕೂಟ ತನ್ನ ಮೊದಲ ನೂರು ದಿನಗಳ ಪಟ್ಟಿಯಲ್ಲೇ ಈ ಪ್ರಾಧಿಕಾರದ ರದ್ದತಿಯನ್ನು ಬರೆದುಕೊಂಡಿತ್ತು. ಒಪ್ಪಂದದ ಉಲ್ಲಂಘನೆಗಳನ್ನು ವಿಚಾರಿಸುವ ವೈಟಾಂಗಿ ನ್ಯಾಯಮಂಡಳಿ 2024ರ ಫೆಬ್ರವರಿ ಕೊನೆಯಲ್ಲಿ ಈ ಬಗ್ಗೆ ತುರ್ತು ವಿಚಾರಣೆ ಇಟ್ಟುಕೊಂಡಿತ್ತು. ಮಸೂದೆ ಸಂಸತ್ತಿನಲ್ಲಿ ಮಂಡನೆಯಾದ ಮೇಲೆ ಅದನ್ನು ವಿಚಾರಿಸುವ ಅಧಿಕಾರ ನ್ಯಾಯಮಂಡಳಿಗೆ ಇರುವುದಿಲ್ಲ. ಸರ್ಕಾರ ವಿಚಾರಣೆಗೆ ಮೊದಲೇ ಮಸೂದೆ ಮಂಡಿಸಿತು, ತರಾತುರಿಯಲ್ಲಿ ಪಾಸು ಮಾಡಿತು. 2024ರ ಜೂನ್ 30ಕ್ಕೆ ಪ್ರಾಧಿಕಾರದ ಬಾಗಿಲು ಮುಚ್ಚಿತು. ಸೆಪ್ಟೆಂಬರ್‌ನಲ್ಲಿ ಎಲ್ಲ ಇಲಾಖೆಗಳಿಗೂ ಸುತ್ತೋಲೆ ಹೋಯಿತು: ಸೇವೆಯನ್ನು ಅಗತ್ಯ ನೋಡಿ ಕೊಡಿ, ಜನಾಂಗ ನೋಡಿ ಅಲ್ಲ.

ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಹಾಗಾಗಿಯೇ ಈ ವಿಷಯ ಗೊಂದಲ ಹುಟ್ಟಿಸುತ್ತದೆ.

ಲೆಕ್ಕ ಏನು ಹೇಳುತ್ತದೆ

2023ರ ಜನಗಣತಿಯಲ್ಲಿ ಮಾವೋರಿಗಳ ಪಾಲು ಶೇ 17.8. 2017–19ರ ಲೆಕ್ಕದಲ್ಲಿ ಉಳಿದವರಿಗಿಂತ ಅವರು ಸರಾಸರಿ ಸುಮಾರು 7 ವರ್ಷ ಮೊದಲೇ ಸಾಯುತ್ತಿದ್ದರು. ಮನಸ್ಸಿನ ಕಾಯಿಲೆಗಳ ಬಗ್ಗೆ ಆ ದೇಶದಲ್ಲಿ ನಡೆದ ದೊಡ್ಡ ಸಮೀಕ್ಷೆ ತೆ ರೌ ಹಿನೆಂಗಾರೊ. 2003–04ರಲ್ಲಿ ಸುಮಾರು 13 ಸಾವಿರ ಜನರನ್ನು ಮನೆಗೆ ಹೋಗಿ ಮಾತಾಡಿಸಿ, 2006ರಲ್ಲಿ ವರದಿ ತಂದರು. ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಮಾನಸಿಕ ಸಮಸ್ಯೆ ಕಂಡವರು ಮಾವೋರಿಗಳಲ್ಲಿ ಶೇ 29.5. ಮಾವೋರಿಗಳನ್ನೂ ಪೆಸಿಫಿಕ್ ದ್ವೀಪದವರನ್ನೂ ಬಿಟ್ಟು ಉಳಿದವರಲ್ಲಿ ಶೇ 19.3.

ಇದು ಬಡತನದ ಪರಿಣಾಮ ಇರಬಹುದು ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಸಮೀಕ್ಷೆ ಮಾಡಿದವರೂ ಅದನ್ನು ನೋಡಿದ್ದರು. ವಯಸ್ಸು, ಲಿಂಗ, ಓದು, ಆದಾಯ ಎಲ್ಲವನ್ನೂ ಸರಿದೂಗಿಸಿ ಲೆಕ್ಕ ಹಾಕಿದಾಗ ಮಾವೋರಿಗಳದು ಶೇ 23.9ಕ್ಕೆ ಇಳಿಯಿತು, ಉಳಿದವರದು ಶೇ 20.3 ಆಯಿತು. ಅಂದರೆ ಅಂತರದ ದೊಡ್ಡ ಪಾಲು ಬಡತನ ಮತ್ತು ವಯಸ್ಸಿನದೇ. ಆದರೂ ಒಂದಿಷ್ಟು ಉಳಿಯಿತು. ನನಗೆ ಇದಕ್ಕಿಂತ ಮುಖ್ಯ ಅನಿಸುವ ಅಂಕಿ ಇನ್ನೊಂದಿದೆ. ಸಮಸ್ಯೆ ಇದ್ದವರ ಪೈಕಿ ಎಷ್ಟು ಜನ ಯಾವುದಾದರೂ ಸಹಾಯ ಕೇಳಿ ಹೋದರು? ಉಳಿದವರಲ್ಲಿ ಶೇ 41.1. ಮಾವೋರಿಗಳಲ್ಲಿ ಶೇ 32.5.

ಕಾಯಿಲೆ ಜಾಸ್ತಿ, ಆಸ್ಪತ್ರೆಗೆ ಹೋಗುವವರು ಕಡಿಮೆ. ತಾವಾಗಿ ಹೋಗದವರು ಕೊನೆಗೆ ಹೇಗೆ ಹೋಗುತ್ತಾರೆ? ಕಾಯಿಲೆ ಕೈಮೀರಿದಾಗ, ಕೆಲವೊಮ್ಮೆ ಪೊಲೀಸರ ಜೊತೆ. ಕಾನೂನಿನ ಬಲದಿಂದ ಕಡ್ಡಾಯವಾಗಿ ಮಾನಸಿಕ ಚಿಕಿತ್ಸೆಗೆ ಒಳಗಾಗುವವರಲ್ಲಿ ಮಾವೋರಿಗಳು ಹಲವು ಪಟ್ಟು ಹೆಚ್ಚು. ಹಾಗೆ ಕರೆದೊಯ್ಯುವುದನ್ನು ನೋಡಿದ ತಮ್ಮ, ತಂಗಿ, ಮಗ ನಾಳೆ ತನಗೆ ನಿದ್ದೆ ಬಾರದೆ ಒದ್ದಾಡುವಾಗ ಡಾಕ್ಟರ ಬಳಿ ಹೋಗುತ್ತಾರೆಯೇ? ಒಂದು ಸಾಲಿನ ಅಂಕಿ ಮುಂದಿನ ಸಾಲಿನ ಅಂಕಿಯನ್ನು ಹುಟ್ಟಿಸುವುದು ಹೀಗೆ.

ಅಪನಂಬಿಕೆ ಸುಮ್ನೆ ಬಂದದ್ದಲ್ಲ

1840ರಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿ ಮತ್ತು ಮಾವೋರಿ ನಾಯಕರು ವೈಟಾಂಗಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಆಮೇಲಿನ ದಶಕಗಳಲ್ಲಿ ಭೂಮಿ ಕೈಬಿಟ್ಟುಹೋಯಿತು. ಶಾಲೆಯಲ್ಲಿ ತಮ್ಮ ಭಾಷೆ ಆಡಿದ ಮಕ್ಕಳಿಗೆ ಏಟು ಬಿತ್ತು. 1907ರಲ್ಲಿ ತೊಹುಂಗಾ ಎಂಬ ಸಾಂಪ್ರದಾಯಿಕ ವೈದ್ಯ-ಪುರೋಹಿತರ ವೃತ್ತಿಯನ್ನೇ ಅಪರಾಧ ಮಾಡುವ ಕಾನೂನು ಬಂತು. ಮೋಸಗಾರ ವೈದ್ಯರಿಂದ ಜನರನ್ನು ಕಾಪಾಡಬೇಕು ಎಂದು ಕೆಲವು ಮಾವೋರಿ ಸಂಸದರೂ ಅದನ್ನು ಬೆಂಬಲಿಸಿದ್ದರು ಎನ್ನುವುದನ್ನೂ ಮರೆಯಬಾರದು. ಕಾನೂನು 1962ರವರೆಗೆ ಉಳಿಯಿತು. ಅಷ್ಟರಲ್ಲಿ ಹಳ್ಳಿಯ ವೈದ್ಯ ಮರೆಗೆ ಸರಿದಿದ್ದ, ಪಟ್ಟಣದ ಡಾಕ್ಟರು ಮಾವೋರಿಗಳಿಗೆ ಇನ್ನೂ ತಮ್ಮವರಾಗಿರಲಿಲ್ಲ.

ಆಮೇಲೆ ಲೇಕ್ ಆಲಿಸ್. 1970ರ ದಶಕದಲ್ಲಿ ಈ ಮಾನಸಿಕ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಶಿಕ್ಷೆಯಾಗಿ ಮಕ್ಕಳಿಗೆ ವಿದ್ಯುತ್ ಆಘಾತ ಕೊಟ್ಟರು, ವಿಪರೀತ ನೋವು ಕೊಡುವ ಚುಚ್ಚುಮದ್ದು ಹಾಕಿದರು. ಅವರಲ್ಲಿ ಬಹಳ ಮಕ್ಕಳು ಮಾವೋರಿಗಳು. ಅಲ್ಲಿ ನಡೆದದ್ದು ಚಿತ್ರಹಿಂಸೆ ಎಂದು ಸರ್ಕಾರ ಒಪ್ಪಿಕೊಂಡದ್ದು 2024ರಲ್ಲಿ. ಸರ್ಕಾರ ಮತ್ತು ಚರ್ಚುಗಳ ಆರೈಕೆಯಲ್ಲಿದ್ದಾಗ ದೌರ್ಜನ್ಯಕ್ಕೆ ಒಳಗಾದ ಎಲ್ಲರಿಗೂ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಅದೇ ವರ್ಷದ ನವೆಂಬರ್ 12ರಂದು. ಹಾಕಾ ವಿಡಿಯೋಗೆ ಎರಡು ದಿನ ಮೊದಲು.

ಇಂಥ ಕಡೆ ಒಬ್ಬ ಅಜ್ಜಿ "ನನ್ನ ಮೊಮ್ಮಗನನ್ನು ಮಾನಸಿಕ ಆಸ್ಪತ್ರೆಗೆ ಕಳಿಸಲ್ಲ" ಅಂದರೆ ಅದನ್ನು ಅಜ್ಞಾನ ಅನ್ನಲಾಗದು. ಅವರಿಗೆ ನೆನಪಿದೆ, ಅಷ್ಟೇ.

ನಾಲ್ಕು ಗೋಡೆಯ ಮನೆ

1980ರ ದಶಕದ ಆರಂಭದಲ್ಲಿ ಮಾವೋರಿ ಮನೋವೈದ್ಯ ಮೇಸನ್ ಡ್ಯೂರಿ ಒಂದು ಸರಳ ಚಿತ್ರ ಮುಂದಿಟ್ಟರು. ಅದರ ಹೆಸರು ತೆ ಫರೆ ತಪ ಫಾ. ಆರೋಗ್ಯ ಒಂದು ಮನೆ. ಅದಕ್ಕೆ ನಾಲ್ಕು ಗೋಡೆ: ದೇಹ, ಮನಸ್ಸು, ಮನೆಮಂದಿ, ಆತ್ಮ. ಒಂದು ಗೋಡೆ ಕುಸಿದರೆ ಮನೆ ವಾಲುತ್ತದೆ. ಈಗ ಅಲ್ಲಿನ ಶಾಲೆಗಳಲ್ಲೂ ಮಕ್ಕಳಿಗೆ ಇದನ್ನು ಹೇಳಿಕೊಡುತ್ತಾರೆ.

ಇನ್ನೊಂದು ಹೆಜ್ಜೆ ಇಟ್ಟವರು ಇರಿಹಾಪೆಟಿ ರಾಮ್ಸ್‌ಡೆನ್ ಎಂಬ ಮಾವೋರಿ ನರ್ಸ್. ರೋಗಿಯ ಸಂಸ್ಕೃತಿಯ ಬಗ್ಗೆ ನರ್ಸ್ ನಾಲ್ಕು ಮಾಹಿತಿ ಬಾಯಿಪಾಠ ಮಾಡಿದರೆ ಸಾಲದು, ತನ್ನ ಕೈಯಲ್ಲಿರುವ ಅಧಿಕಾರವನ್ನೂ ತನ್ನ ಪೂರ್ವಗ್ರಹವನ್ನೂ ಮೊದಲು ನೋಡಿಕೊಳ್ಳಬೇಕು ಎಂದರು ಅವರು. ಆರೈಕೆ ತನ್ನ ಸಂಸ್ಕೃತಿಗೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ಹೇಳಬೇಕಾದವರು ರೋಗಿ. 1992ರಲ್ಲಿ ನ್ಯೂಜಿಲೆಂಡ್ ನರ್ಸಿಂಗ್ ಕೌನ್ಸಿಲ್ ಇದನ್ನು ನರ್ಸಿಂಗ್ ಶಿಕ್ಷಣಕ್ಕೆ ಸೇರಿಸಿತು. ಇವತ್ತು ಬೆಂಗಳೂರು, ಮಂಗಳೂರಿನ ಕಾಲೇಜಿನಲ್ಲಿ ಓದಿ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ನರ್ಸ್ ಕೂಡ ಇದರ ಆನ್‌ಲೈನ್ ಕೋರ್ಸ್ ಮುಗಿಸಬೇಕು.

ದಿಂಬು, ಮಾಸು, ಬುಟ್ಟಿ

ಹೀಗೆ ಹೇಳಿದರೆ ದೊಡ್ಡ ಮಾತಾಯಿತು. ವಾರ್ಡಿನಲ್ಲಿ ಇದು ಬಹಳ ಸಣ್ಣ ಸಣ್ಣ ವಿಷಯ.

ಮಾವೋರಿಗಳಿಗೆ ತಲೆ ಪವಿತ್ರ. ತಲೆಗೆ ಇಟ್ಟ ದಿಂಬನ್ನು ಕಾಲಿಗೆ ಇಟ್ಟರೆ ಮನಸ್ಸು ನೋಯುತ್ತದೆ. ಆಸ್ಪತ್ರೆ ಮಾಡಬೇಕಾದ್ದು ಇಷ್ಟೇ: ತಲೆಯ ದಿಂಬಿಗೆ ಒಂದು ಬಣ್ಣದ ಕವರು, ಕಾಲಿನದಕ್ಕೆ ಬೇರೆ ಬಣ್ಣ. ಫೆನುವಾ ಎಂಬ ಮಾವೋರಿ ಪದಕ್ಕೆ ಭೂಮಿ ಎಂದೂ ಅರ್ಥ, ಮಾಸು ಎಂದೂ ಅರ್ಥ. ಹೆರಿಗೆಯಾದ ಮೇಲೆ ಮಾಸನ್ನು ಮನೆತನದ ನೆಲದಲ್ಲಿ ಹೂಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆ ಆಗುತ್ತಿದ್ದ ಕಾಲದಲ್ಲೂ ಮಾಸು ಹೂಳುವ ಪದ್ಧತಿ ಇತ್ತು. ಅಲ್ಲಿನ ಆಸ್ಪತ್ರೆಗಳು ದಶಕಗಳ ಕಾಲ ಅದನ್ನು ಕಸದ ಜೊತೆ ಸುಟ್ಟವು. ಈಗ ಮನೆಯವರನ್ನು ಕೇಳಿ, ಕಟ್ಟಿಕೊಡುತ್ತಾರೆ.

ಬುಟ್ಟಿಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಮಾವೋರಿ ಹಸುಗೂಸುಗಳು ನಿದ್ದೆಯಲ್ಲೇ ಹಠಾತ್ತಾಗಿ ಸಾಯುವುದು ಉಳಿದವರಿಗಿಂತ ಜಾಸ್ತಿ ಇತ್ತು. ಗರ್ಭಿಣಿ ಧೂಮಪಾನ ಮಾಡಿದ್ದು, ಆಮೇಲೆ ಕೂಸನ್ನು ಅದೇ ಹಾಸಿಗೆಯಲ್ಲಿ ಮಲಗಿಸಿಕೊಂಡದ್ದು ಎರಡೂ ಸೇರಿದಾಗ ಅಪಾಯ ಬಹಳ ಏರುತ್ತದೆ. ಅಧಿಕಾರಿಗಳು ಹೇಳಿದ್ದು: ಕೂಸನ್ನು ಜೊತೆಗೆ ಮಲಗಿಸಿಕೊಳ್ಳಬೇಡಿ. ತಾಯಂದಿರು ಕೇಳಲಿಲ್ಲ. ಬಾಣಂತಿಗೆ ಕೂಸನ್ನು ಬೇರೆ ಮಲಗಿಸು ಅಂದರೆ ನಮ್ಮ ಅಜ್ಜಿಯರಾದರೂ ಒಪ್ಪುತ್ತಿದ್ದರೇ? 2006ರ ಹೊತ್ತಿಗೆ ಮಾವೋರಿ ವೈದ್ಯರು ಮತ್ತು ನೇಯ್ಗೆ ಬಲ್ಲ ಹೆಂಗಸರು ಸೇರಿ ವಹಕುರ ತಂದರು. ಹರಕೆಕೆ ಎಂಬ ನಾರಿನ ಗಿಡದ ಎಲೆಯಿಂದ ಹೆಣೆದ, ಕೂಸು ಮಲಗುವಷ್ಟು ಉದ್ದದ ಬುಟ್ಟಿ. ಬುಟ್ಟಿ ಅಪ್ಪ ಅಮ್ಮನ ಹಾಸಿಗೆಯ ಮೇಲೇ ಇರುತ್ತದೆ. ಕೂಸು ಜೊತೆಗೂ ಇದೆ, ಅದರ ಜಾಗ ಬೇರೆಯೂ ಆಗಿದೆ. ಹೆಣೆಯುತ್ತ ಕೂತಾಗ ಸಿಗರೇಟು ಬಿಡುವ ಮಾತೂ ಬರುತ್ತದೆ. ಬುಟ್ಟಿಗಳನ್ನೂ ಇದೇ ಉಪಾಯದ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನೂ ಹಂಚಿದ 2009–2015ರ ಅವಧಿಯಲ್ಲಿ, ಮೊದಲ ವಾರ ದಾಟಿದ ಶಿಶುಗಳ ಸಾವು ದೇಶದಲ್ಲಿ ಶೇ 29ರಷ್ಟು ಇಳಿಯಿತು. ಇಳಿಕೆಯ ಹೆಚ್ಚಿನ ಪಾಲು ಮಾವೋರಿ ಕೂಸುಗಳದು.

ಇಲ್ಲಿ ವೈದ್ಯವಿಜ್ಞಾನ ಬದಲಾಗಲಿಲ್ಲ. ಅಪಾಯ ಯಾವುದೆಂದು ಸಂಶೋಧನೆಯೇ ಹೇಳಿತ್ತು. ಅದನ್ನು ಮನೆಯೊಳಗೆ ತಂದ ದಾರಿ ಬದಲಾಯಿತು.

ಸತ್ತ ಅಜ್ಜಿ ಮಾತಾಡಿದರೆ

ಮನಸ್ಸಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ತೀರಿಹೋದ ಅಜ್ಜಿ ಬಂದು ಮಾತಾಡಿಸಿದರು ಎಂದು ಹದಿಹರೆಯದ ಹುಡುಗ ಹೇಳುತ್ತಾನೆ ಅಂದುಕೊಳ್ಳಿ. ಆತುರದ ಡಾಕ್ಟರು "ಇಲ್ಲದ ದನಿ ಕೇಳಿಸುತ್ತಿದೆ" ಎಂದು ಬರೆದುಕೊಂಡು ಸ್ಕಿಜೋಫ್ರೇನಿಯಾದ ಕಡೆ ಹೊರಳಬಹುದು. ಮಾವೋರಿ ಮನೆಗಳಲ್ಲಿ ಹಿರಿಯರು ಹೀಗೆ ಕಾಣಿಸುವುದು ಹೊಸದಲ್ಲ, ಅದನ್ನು ವರ ಎಂದೂ ನೋಡುತ್ತಾರೆ. ಪೊರಿರುವಾ ಎಂಬ ಊರಿನ ಮಾವೋರಿ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಮನೋವೈದ್ಯ ಮತ್ತು ಸಾಂಪ್ರದಾಯಿಕ ವೈದ್ಯ ಇಬ್ಬರೂ ಒಟ್ಟಿಗೆ ಕೂತು ಇಂಥ ಮಕ್ಕಳನ್ನು, ಅವರ ಮನೆಯವರನ್ನು ಮಾತಾಡಿಸಿದ್ದಾರೆ. ಕ್ರೈಸ್ಟ್‌ಚರ್ಚ್‌ನಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಮಾವೋರಿ ಸಭೆಯ ಕ್ರಮವನ್ನೇ ಕಲಿಸುತ್ತಾರೆ: ಮೊದಲು ನಮಸ್ಕಾರ, ಆಮೇಲೆ ಯಾವ ಊರು, ಯಾರ ಪೈಕಿ ಎಂಬ ಮಾತು, ಆಮೇಲಷ್ಟೇ ಕಾಯಿಲೆ, ಕೊನೆಗೆ ಸರಿಯಾಗಿ ಬೀಳ್ಕೊಡುವುದು. "ಯಾವೂರಾಯ್ತು ನಿಮ್ದು?" ಎಂದೇ ಮಾತು ಶುರುಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಹತ್ತಿರದ ಪ್ರಶ್ನೆಯನ್ನು ನಮ್ಮ ನಿಮ್ಹಾನ್ಸ್ ಸಂಶೋಧಕರೂ ಕೇಳಿದ್ದರು. ಮನಸ್ಸಿನ ತೊಂದರೆ ಇದ್ದವರನ್ನು ಕರೆತರುವ ತಮಿಳುನಾಡಿನ ಒಂದು ಗುಡಿಯಲ್ಲಿ 31 ಜನರನ್ನು ಅವರು ಗಮನಿಸಿದರು. ಸರಾಸರಿ ಆರು ವಾರ ಗುಡಿಯಲ್ಲಿ ಉಳಿದ ಅವರ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು ಎಂದು 2002ರಲ್ಲಿ ವರದಿ ಮಾಡಿದರು. ಹೆದರಿಸದ ಜಾಗ, ಜೊತೆಗಿರುವ ಮನೆಯವರು ಎಷ್ಟು ಮುಖ್ಯ ಎಂದು ಅದು ತೋರಿಸಿತು.

ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್‌ನಲ್ಲಿ, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸುಟ್ಟುಹೋದರು. ದರ್ಗಾದ ನಂಬಿಕೆಯ ಮೇಲೆ ನಡೆಯುತ್ತಿದ್ದ ಆಶ್ರಯತಾಣದಲ್ಲಿ ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಸಂಸ್ಕೃತಿ ಎಂಬ ಹೆಸರಿಟ್ಟ ಮಾತ್ರಕ್ಕೆ ಯಾವುದೂ ಆರೈಕೆಯಾಗುವುದಿಲ್ಲ. ರೋಗಿಯ ಹಕ್ಕು, ತಪಾಸಣೆ, ಬೇಕಾದಾಗ ಔಷಧ ಇವು ಇರಲೇಬೇಕು. ಪೊರಿರುವಾದಲ್ಲಿ ಇಬ್ಬರು ಒಟ್ಟಿಗೆ ಕೂತದ್ದರ ಬೆಲೆ ಇದರಲ್ಲೇ ಇದೆ.

ಎರಡು ಜೀನ್‌ಗಳ ಕಥೆ

ಸಂಶೋಧನೆಯ ವಿಷಯಕ್ಕೆ ಬರೋಣ. ಟೌರಂಗಾ ಹತ್ತಿರದ ಒಂದು ದೊಡ್ಡ ಮಾವೋರಿ ಕುಟುಂಬದಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ 25ಕ್ಕೂ ಹೆಚ್ಚು ಜನ ಸತ್ತಿದ್ದರು. ಯೌವನದಲ್ಲೇ ಹೋದವರೂ ಇದ್ದರು. 1990ರ ದಶಕದಲ್ಲಿ ಕುಟುಂಬದವರೇ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಹುಡುಕಿಕೊಂಡು ಹೋದರು. ವಂಶಾವಳಿಯನ್ನು ತಾವೇ ಕೂಡಿಸಿದರು, ನೆಂಟರನ್ನು ತಾವೇ ಒಪ್ಪಿಸಿದರು. 1998ರಲ್ಲಿ ಸಿಡಿಎಚ್1 ಎಂಬ ಜೀನ್‌ನ ದೋಷ ಪತ್ತೆಯಾಯಿತು. ಪ್ರಬಂಧದಲ್ಲಿ ವಿಜ್ಞಾನಿಗಳ ಹೆಸರಿನ ಜೊತೆ ಕುಟುಂಬದವರ ಹೆಸರೂ ಇತ್ತು. ಅಂದಿನಿಂದ ಆ ಮನೆತನದ ಮಕ್ಕಳು ಮುಂಚೆಯೇ ಪರೀಕ್ಷೆ ಮಾಡಿಸಿಕೊಂಡು ಜೀವ ಉಳಿಸಿಕೊಳ್ಳುತ್ತಿದ್ದಾರೆ. ಜಗತ್ತಿನ ಬೇರೆ ಕುಟುಂಬಗಳಿಗೂ ಅದೇ ಪರೀಕ್ಷೆ ಸಿಕ್ಕಿದೆ.

ಎಂಟು ವರ್ಷದ ನಂತರ, 2006ರಲ್ಲಿ, ಇನ್ನೊಂದು ಜೀನ್ ಸುದ್ದಿಯಾಯಿತು. ಮಾವೋರಿ ಗಂಡಸರಲ್ಲಿ 'ಯೋಧರ ಜೀನ್' ಜಾಸ್ತಿ ಎಂಬ ಮಾತು ಒಂದು ವಿಜ್ಞಾನ ಸಮ್ಮೇಳನದಿಂದ ಹೊರಬಂತು. ಅಧ್ಯಯನದ ಮೂಲ ಕುತೂಹಲ ಇದ್ದದ್ದು ಚಟಗಳ ಬಗ್ಗೆ. ಮಾದರಿ ತೀರಾ ಚಿಕ್ಕದು. ಪತ್ರಿಕೆಗಳಲ್ಲಿ ಮಾತ್ರ ಅದು ಮಾವೋರಿಗಳ ಹಿಂಸೆ, ಅಪರಾಧಕ್ಕೆ ರಕ್ತದಲ್ಲೇ ಕಾರಣ ಇದೆ ಎಂಬ ಹಾಗೆ ಬಂತು. ವಿಜ್ಞಾನಿಗಳೇ ಅದನ್ನು ಕಟುವಾಗಿ ಟೀಕಿಸಿದರು. ಆದರೆ ಹೆಸರು ಅಂಟಿಕೊಂಡಿತ್ತು.

ಎರಡೂ ಕಡೆ ರಕ್ತದಿಂದ ಜೀನ್ ಓದಿದ್ದೇ. ಮೊದಲನೆಯದರಲ್ಲಿ ಪ್ರಶ್ನೆ ಯಾರದು, ಫಲ ಯಾರಿಗೆ ಎಂಬುದು ಮೊದಲೇ ಇತ್ಯರ್ಥವಾಗಿತ್ತು. 2010ರಲ್ಲಿ ಬಂದ ತೆ ಅರಾ ತಿಕಾ ಎಂಬ ಮಾರ್ಗಸೂಚಿ ಈ ಪ್ರಶ್ನೆಗಳನ್ನೇ ಸಂಶೋಧಕರ ಮುಂದಿಡುತ್ತದೆ. ನಮಗೂ ಇದು ದೂರದ ಮಾತಲ್ಲ. ಸಿಕಲ್ ಸೆಲ್ ಎಂಬ, ವಂಶದಲ್ಲಿ ಬರುವ ರಕ್ತದ ಕಾಯಿಲೆಯ ವಿರುದ್ಧ 2023ರ ಜುಲೈನಲ್ಲಿ ಶುರುವಾದ ಅಭಿಯಾನ ಬುಡಕಟ್ಟು ಪ್ರದೇಶಗಳ 7 ಕೋಟಿ ಜನರ ರಕ್ತಪರೀಕ್ಷೆಯ ಗುರಿ ಇಟ್ಟುಕೊಂಡಿತ್ತು. ಕರ್ನಾಟಕವೂ ಅದರಲ್ಲಿದೆ. ಫಲಿತಾಂಶ ಯಾರ ಕೈಯಲ್ಲಿರುತ್ತದೆ, ನಾಳೆ ಮದುವೆ ಮಾತುಕತೆಯಲ್ಲಿ ಅದು ಯಾರ ವಿರುದ್ಧ ಬಳಕೆಯಾಗುತ್ತದೆ ಎಂದು ಸೋಲಿಗರ, ಜೇನುಕುರುಬರ ಹಾಡಿಯಲ್ಲಿ ಅವರ ಮಾತಿನಲ್ಲೇ ಕೂತು ಹೇಳುವವರು ಬೇಕು.

ಎರಡು ಬದಿಯ ವಾದ

ಪ್ರಾಧಿಕಾರ ಬೇಡ ಎಂದವರೆಲ್ಲ ಮಾವೋರಿ ದ್ವೇಷಿಗಳು ಎಂದುಕೊಂಡರೆ ತಪ್ಪಾಗುತ್ತದೆ. ಅದನ್ನು ಮುಚ್ಚಿದ ಆರೋಗ್ಯ ಸಚಿವ ಶೇನ್ ರೆಟಿ ಸ್ವತಃ ಮಾವೋರಿ, ಸ್ವತಃ ಡಾಕ್ಟರು. ವೆಲ್ಲಿಂಗ್ಟನ್‌ನಲ್ಲಿ ಇನ್ನೊಂದು ಕಚೇರಿ ಕಟ್ಟಿದರೆ ಹಳ್ಳಿಯ ರೋಗಿಗೆ ಏನು ಸಿಕ್ಕಿತು, ತೀರ್ಮಾನಗಳು ಊರಿಗೆ ಹತ್ತಿರ ಆಗಲಿ ಎನ್ನುವುದು ಅವರ ವಾದವಾಗಿತ್ತು. ಹಣ ಜನರಿಗೆ ತಲುಪಲು ತಡವಾಗುತ್ತಿದೆ ಎಂಬ ದೂರು ಪ್ರಾಧಿಕಾರದ ಮೇಲೆ ಇದ್ದೂ ಇತ್ತು. ಬಡ ಬಿಳಿಯನಿಗೆ ಇಲ್ಲದ್ದು ಶ್ರೀಮಂತ ಮಾವೋರಿಗೆ ಯಾಕೆ ಎಂಬ ಪ್ರಶ್ನೆಯಲ್ಲೂ ಹುರುಳಿದೆ.

ಇನ್ನೊಂದು ಬದಿಯವರು ಕೊಡುವ ಉತ್ತರವನ್ನು ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ಉಚಿತ ತಪಾಸಣೆ 60 ವರ್ಷಕ್ಕೆ ಶುರುವಾಗುತ್ತಿತ್ತು. ಆದರೆ ಈ ಕ್ಯಾನ್ಸರ್ ಬರುವ ಮಾವೋರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಬರುವುದು 60ಕ್ಕೆ ಮೊದಲೇ. ಹಾಗಾಗಿ ಕೆಲವು ಕಡೆ ಅವರಿಗೆ 50ಕ್ಕೇ ಶುರು ಮಾಡಿದ್ದರು. ಹೊಸ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಎಲ್ಲರಿಗೂ 58 ಎಂದಿತು. ಮಾವೋರಿ ಮತ್ತು ಪೆಸಿಫಿಕ್ ದ್ವೀಪದವರಿಗೆ ತೆಗೆದಿಟ್ಟಿದ್ದ ಹಣ ಅದಕ್ಕೆ ಹೋಯಿತು. ನಿಯಮ ಎಲ್ಲರಿಗೂ ಒಂದೇ ಆಯಿತು, ಆದರೆ ಕಾಯಿಲೆ ಎಲ್ಲರಿಗೂ ಒಂದೇ ವಯಸ್ಸಿಗೆ ಬರುವುದಿಲ್ಲ. ನನ್ನ ಮಟ್ಟಿಗೆ, 'ಅಗತ್ಯವೋ ಜನಾಂಗವೋ' ಎಂಬ ಜಗಳ ಇಲ್ಲಿ ದಾರಿ ತಪ್ಪುತ್ತದೆ. ಜನಾಂಗ ನೋಡದೆ ಅಗತ್ಯವೇ ಕಾಣದ ಕಡೆಗಳೂ ಇವೆ.

ಮಾವೋರಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಎಲ್ಲರಿಗೂ ಒದಗಿದ ಉದಾಹರಣೆಯೂ ಇದೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಸಂಕೋಚದಿಂದ ಬಾರದ ಮಾವೋರಿ ಹೆಂಗಸರು ಬಹಳ ಇದ್ದರು. ಮಾದರಿಯನ್ನು ತಾವೇ ತೆಗೆದುಕೊಳ್ಳುವ ಪರೀಕ್ಷೆ ಅವರಿಗೆ ಒಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿದವು. 2023ರ ಸೆಪ್ಟೆಂಬರ್‌ನಿಂದ ಆ ಆಯ್ಕೆ ದೇಶದ ಎಲ್ಲ ಹೆಂಗಸರಿಗೂ ಸಿಕ್ಕಿದೆ.

ಮುಂದೇನಾಗಬಹುದು

ಪ್ರಾಧಿಕಾರದ ಕೆಲಸಗಳು ಈಗ ಆರೋಗ್ಯ ಸಚಿವಾಲಯ ಮತ್ತು ರಾಷ್ಟ್ರೀಯ ಸಂಸ್ಥೆಯ ನಡುವೆ ಹಂಚಿಹೋಗಿವೆ. ಮಾವೋರಿ ಚಿಕಿತ್ಸಾಲಯಗಳು ಮುಚ್ಚಿಲ್ಲ, ಬುಟ್ಟಿ ಹೆಣೆಯುವವರು ಹೆಣೆಯುತ್ತಿದ್ದಾರೆ. ಆದರೆ ದೊಡ್ಡ ಸಂಸ್ಥೆ ತಪ್ಪು ಮಾಡಿದಾಗ ಪಕ್ಕದಲ್ಲೇ ಕೂತು ಕೇಳುವ ಅಧಿಕಾರದ ದನಿ ಹೋಗಿದೆ. 2025ರಲ್ಲಿ ಸರ್ಕಾರ ಆರೋಗ್ಯ ಸಿಬ್ಬಂದಿಯ ನಿಯಮಗಳ ಬಗ್ಗೆ ಜನಾಭಿಪ್ರಾಯ ಕೇಳಿತು. ಸಾಂಸ್ಕೃತಿಕ ತರಬೇತಿಯ ಷರತ್ತುಗಳೂ ಆ ಚರ್ಚೆಗೆ ಬಂದವು. ಅದು ಸಡಿಲವಾದರೆ ಮೊದಲ ಪರಿಣಾಮ ಕಾಣುವುದು ವಾರ್ಡಿನಲ್ಲಿ, ದಿಂಬಿನ ಹತ್ತಿರ.

ಅಲ್ಲಿ ಮೂರು ವರ್ಷಕ್ಕೊಮ್ಮೆ ಚುನಾವಣೆ. ಎರಡು ವರ್ಷದಲ್ಲಿ ಒಂದು ಸಂಸ್ಥೆಯನ್ನು ಕಟ್ಟಿ ಕೆಡವಬಹುದು. ಅದು ಕೆಲಸ ಮಾಡಿತೋ ಇಲ್ಲವೋ ಎಂದು ಅಷ್ಟರಲ್ಲಿ ಅಳೆಯಲಾಗದು. ಏಳು ವರ್ಷದ ಆಯಸ್ಸಿನ ಅಂತರ ಎರಡು ವರ್ಷದಲ್ಲಿ ಕರಗುವಂಥದ್ದಲ್ಲ. ವಿಫಲವಾಯಿತು ಎಂದು ಮುಚ್ಚಿದವರೂ, ಗೆಲ್ಲುತ್ತಿತ್ತು ಎಂದು ಅಳುವವರೂ ಪುರಾವೆ ಇಲ್ಲದೆ ಮಾತಾಡುವಂತಾಗಿದೆ.

ಅಗತ್ಯ ನೋಡಿ ಕೊಡುತ್ತೇವೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಅಗತ್ಯ ಎಷ್ಟಿದೆ ಎಂಬ ಲೆಕ್ಕ ಕೈಯಲ್ಲಿರಬೇಕು. ವರ್ಷವರ್ಷದ ಆರೋಗ್ಯ ಸಮೀಕ್ಷೆಯಲ್ಲಿ ಮನಸ್ಸಿನ ಬೇಗುದಿಯ ಬಗ್ಗೆ ಕೆಲವು ಪ್ರಶ್ನೆ ಕೇಳುತ್ತಾರೆ. ಆದರೆ 13 ಸಾವಿರ ವಯಸ್ಕರನ್ನು ಮನೆಯಲ್ಲೇ ಕೂರಿಸಿ, ಯಾವ ಕಾಯಿಲೆ, ಯಾರ ಬಳಿ ಹೋದಿರಿ, ಯಾಕೆ ಹೋಗಲಿಲ್ಲ ಎಂದು ಕೇಳಿದ ತೆ ರೌ ಹಿನೆಂಗಾರೊದಂಥ ಸಮೀಕ್ಷೆ ಎರಡು ದಶಕ ಕಳೆದರೂ ಮತ್ತೆ ನಡೆದಿಲ್ಲ. ಅಂದು ಸಹಾಯ ಕೇಳದೆ ಉಳಿದವರ ಮಕ್ಕಳು ಈಗ ಅದೇ ವಯಸ್ಸಿಗೆ ಬಂದಿದ್ದಾರೆ.